ದಂಡು ಬಂದಿಳಿದ ನೆಲ ಯಾರದಾಗಿತ್ತು?

ಚಿಕ್ಕಪೇಟೆಯಲ್ಲಿ ಹುಟ್ಟಿ ಬೆಳೆದ ನನ್ನ ಅಜ್ಜಿ, ಎಂ.ಜಿ. ರಸ್ತೆಯ ಕಡೆಗೆ ಹೊರಟ ಯಾರನ್ನು ಕಂಡರೂ ‘ದಂಡಿಗೆ ಹೋಗುತ್ತೀಯಾ?’ ಎಂದೇ ಕೇಳುತ್ತಿದ್ದರು. ದಂಡು ಎಂದರೆ ಸೈನ್ಯವೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಇಂದಿಗೂ ಕನ್ನಡದಲ್ಲಿ ‘ಬೆಂಗಳೂರು ದಂಡು’ ಎಂದೇ ಹೆಸರು. ಪೇಟೆಯ ಜನ ತಮ್ಮ ಊರಿನ ಪಕ್ಕದಲ್ಲಿ ಬಂದು ಕುಳಿತದ್ದು ಏನೆಂಬುದನ್ನು ಮರೆಯದೆ, ಅದನ್ನು ಅದರ ಹೆಸರಿನಿಂದಲೇ ಕರೆದರು.

ಕಳೆದ ವಾರ ನೆಂಟರ ಮನೆಯಲ್ಲಿ ಒಬ್ಬ ಹಿರಿಯರು, ‘ಬ್ರಿಟಿಷರು ಬರುವ ಮೊದಲು ದಂಡಿನ ಜಾಗದಲ್ಲಿ ಏನಿತ್ತು? ಬರೀ ಬಯಲು’ ಎಂದರು. ಅಲ್ಲಿ ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ.

ಬಯಲಾಗಿರಲಿಲ್ಲ. ಹಲಸೂರಿನ ಸೋಮೇಶ್ವರ ದೇವಾಲಯ ದಂಡಿಗಿಂತ ಶತಮಾನಗಳಷ್ಟು ಹಳೆಯದು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ಭೂದಾನವನ್ನು ದಾಖಲಿಸಿದ ಶಾಸನಗಳಿವೆ. ದಾನ ಕೊಡಲು ನೆಲವಿತ್ತು, ನೆಲಕ್ಕೆ ಒಡೆತನವಿತ್ತು ಎಂದಲ್ಲವೇ ಇದರ ಅರ್ಥ? ಹಲಸೂರಿನಲ್ಲಿ ಕೆರೆಯಿತ್ತು. ಕೆರೆ ಇದ್ದ ಮೇಲೆ ಅದರ ಕೆಳಗೆ ಅಚ್ಚುಕಟ್ಟು, ನೀರಿನ ಸರದಿ, ದನ ಮೇಯಲು ಗೋಮಾಳ ಎಲ್ಲವೂ ಬರುತ್ತವೆ. ಸೈನ್ಯದ ಎಂಜಿನಿಯರ್ ಕಣ್ಣಿಗೆ ಕಂಡದ್ದು ಎತ್ತರದ, ಗಾಳಿ ಆಡುವ, ಕವಾಯತಿಗೆ ಅನುಕೂಲವಾದ ಜಾಗ. ಆ ಕಣ್ಣನ್ನೇ ನಾವು ಇನ್ನೂರು ವರ್ಷಗಳಿಂದ ಎರವಲು ಪಡೆದು ನೋಡುತ್ತಿದ್ದೇವೆ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತು. ಅಲ್ಲಿನ ಚಳಿಜ್ವರಕ್ಕೆ ಸಿಪಾಯಿಗಳು ಹಣ್ಣಾದರು. ಹಾಗಾಗಿ 1809ರಲ್ಲಿ ಠಾಣ್ಯ ಬೆಂಗಳೂರಿಗೆ, ಹಲಸೂರಿನ ಬಳಿಗೆ ಬಂತು. ಪರೇಡ್ ಮೈದಾನ, ಬ್ಯಾರಕ್ಕು, ಬಂಗಲೆಗಳು ಎದ್ದವು. ಮೈಸೂರು ಅರಸರು ಜಾಗ ‘ಕೊಟ್ಟರು’ ಎಂದು ಓದುತ್ತೇವೆ. ಈ ‘ಕೊಟ್ಟರು’ ಎಂಬ ಕ್ರಿಯಾಪದದ ಬಗ್ಗೆಯೇ ನನ್ನ ತಕರಾರು.

ಕೊಟ್ಟವರು ಯಾರು? ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ 15 ವರ್ಷ. ಅವರನ್ನು ಐದರ ಆಸುಪಾಸಿನ ಮಗುವಾಗಿದ್ದಾಗ ಪಟ್ಟಕ್ಕೆ ಕೂರಿಸಿದವರೇ ಈಗ ಜಾಗ ಬೇಕೆಂದು ಬಂದಿದ್ದರು. ಆ 1799ರ ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪನಿಗೆ ಕಟ್ಟಬೇಕಿತ್ತು. ಯಾವುದಕ್ಕೆ? ಈ ಸೈನ್ಯದ ಖರ್ಚಿಗೆ! ನೆಲವೂ ನಮ್ಮದು, ಹಣವೂ ನಮ್ಮ ರೈತರ ಕಂದಾಯದ್ದು. ಬೇಡ ಎನ್ನುವ ಅಧಿಕಾರವಿಲ್ಲದವನು ನೀಡಿದ್ದನ್ನು ದಾನ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

1831ರಲ್ಲಿ ಆಡಳಿತವನ್ನೇ ಕಿತ್ತುಕೊಂಡರು. ಐವತ್ತು ವರ್ಷಗಳ ನಂತರ, 1881ರಲ್ಲಿ, ರಾಜ್ಯವನ್ನು ಮರಳಿಸಿದಾಗ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ 18 ವರ್ಷ. ಮತ್ತೊಬ್ಬ ಹುಡುಗ! ಅಧಿಕಾರ ಬೇಕಿದ್ದರೆ ಒಪ್ಪಬೇಕಾದ ಷರತ್ತುಗಳಲ್ಲಿ ಇದೂ ಒಂದು: ಬ್ರಿಟಿಷ್ ದಂಡಿಗೆ ಬೇಕಾದ ನೆಲವನ್ನು ಪುಕ್ಕಟೆ ಕೊಡಬೇಕು, ಅದರೊಳಗಿನ ಎಲ್ಲ ಅಧಿಕಾರವನ್ನೂ ಬಿಟ್ಟುಕೊಡಬೇಕು. ಕಪ್ಪವನ್ನು 35 ಲಕ್ಷ ರೂಪಾಯಿಗೆ ಏರಿಸುವ ಷರತ್ತೂ ಅದರಲ್ಲೇ ಇತ್ತು.

1809ರಲ್ಲಿ ಹೋದದ್ದು ಬೀಡು ಬಿಡಲು ಜಾಗ. 1881ರಲ್ಲಿ ಹೋದದ್ದು ಆ ಜಾಗದ ಮೇಲಿನ ಆಳ್ವಿಕೆ. ಇವೆರಡನ್ನೂ ಒಂದೇ ಎಂಬಂತೆ ಹೇಳುವ ಬರಹಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 1881ರ ಜನಗಣತಿಯಲ್ಲಿ ಪೇಟೆಯ ಕಡೆ ಸುಮಾರು 62 ಸಾವಿರ ಜನ, ದಂಡಿನಲ್ಲಿ 93 ಸಾವಿರ. ಅಂದರೆ ಊರಿನ ದೊಡ್ಡ ಪಾಲೇ ಮೈಸೂರಿನ ಕೈಯಲ್ಲಿರಲಿಲ್ಲ. ಗಡಿ ದಾಟಿದರೆ ಬೇರೆ ನ್ಯಾಯಾಲಯ, ಬೇರೆ ಪೊಲೀಸ್, ಬೇರೆ ಪುರಸಭೆ. ದಂಡು ಮೈಸೂರಿಗೆ ಮರಳಿ ಬಂದದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ವಾರಗಳ ಮೊದಲು. ಎರಡೂ ಭಾಗ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ದಂಡಿನ ಜೊತೆ ಬಂದ ತಮಿಳು ಕೂಲಿಗಳು, ಅಡುಗೆಯವರು, ತೋಟದ ಮಾಲಿಗಳು, ದರ್ಜಿಗಳ ಮೇಲೆ ನನ್ನ ದೂರಿಲ್ಲ. ಹೊಟ್ಟೆಪಾಡಿಗೆ ಬಂದು ಇಲ್ಲಿಯವರೇ ಆದವರು ಅವರು. ಈ ವಿಷಯವನ್ನು ಭಾಷೆಯ ಜಗಳವಾಗಿಸುವವರು ದಯವಿಟ್ಟು ನನ್ನ ಗೋಡೆಯಿಂದ ದೂರವಿರಿ.

ನನ್ನನ್ನು ಕಾಡುವವರು ಬೇರೆ. ಅರಸರ ಹೆಸರು ಗೊತ್ತು, ದಂಡಿನ ನಕ್ಷೆ ಹಾಕಿದ ಜಾನ್ ಬ್ಲಾಕಿಸ್ಟನ್ ಹೆಸರೂ ಗೊತ್ತು. ಪರೇಡ್ ಮೈದಾನವಾದ ನೆಲದಲ್ಲಿ ಹಿಂದಿನ ವರ್ಷ ರಾಗಿ ಬಿತ್ತಿದವನು ಯಾರು? ದನ ಅಟ್ಟಿಕೊಂಡು ಬಂದು, ಬೇಲಿ ಕಂಡು ಹಿಂತಿರುಗಿದವಳು ಯಾರು? ಶಾನುಭೋಗರ ಕಡತದಲ್ಲಿ ಒಂದು ಸಾಲಾದರೂ ಇದ್ದಿರಬೇಕು.

ಹಲಸೂರು, ದೊಮ್ಮಲೂರು, ಅಗರ, ನೀಲಸಂದ್ರದ ಹಳೆಯ ಕುಟುಂಬದವರು ನನ್ನ ಪಟ್ಟಿಯಲ್ಲಿ ಕೆಲವರಿದ್ದೀರಿ. ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಕಂದಾಯದ ರಸೀದಿ, ಇನಾಮು ಪತ್ರ, ಮೋಡಿ ಅಕ್ಷರದ ಹರಿದ ಕಾಗದ, ಏನೇ ಇದ್ದರೂ ಎಸೆಯಬೇಡಿ. ಫೋಟೊ ತೆಗೆದು ಕೆಳಗೆ ಕಮೆಂಟಿನಲ್ಲಿ ಹಾಕಿ. ಓದಬಲ್ಲವರನ್ನು ಹುಡುಕುವ ಜವಾಬ್ದಾರಿ ನನ್ನದು.