ಗೋಣಿಗಟ್ಟಲೆ ಅಭಿಪ್ರಾಯ

ಅಭಿಪ್ರಾಯ ಕೊಟ್ಟು ಕಾಯುವ ವಿದ್ಯೆಯಲ್ಲಿ ಕಾಸರಗೋಡಿನ ಕನ್ನಡಿಗರನ್ನು ಮೀರಿಸುವವರು ದೇಶದಲ್ಲಿ ಬೇರೆ ಯಾರೂ ಇರಲಾರರು. 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದ ಲಾಗಾಯ್ತು ನಾವು ಮನವಿ ಬರೆಯುತ್ತಿದ್ದೇವೆ. ಚಂದ್ರಗಿರಿ ನದಿಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ, ಗಡಿ ತಕರಾರು ಪರಿಶೀಲಿಸಿದ ಮಹಾಜನ ಆಯೋಗವೇ ಹೇಳಿದ ಮೇಲೂ ಬರೆಯುತ್ತಲೇ ಇದ್ದೇವೆ. ಆದ್ದರಿಂದ ಅಂತರ್ಜಾಲದ ನೀತಿಯನ್ನು ಜನರನ್ನು ಕೇಳಿಯೇ ರೂಪಿಸುತ್ತೇವೆಂದು ದಿಲ್ಲಿಯವರು ಹೊರಟಾಗ, ಈ ಕಸುಬಿನಲ್ಲಿ ಪಳಗಿದ ನಮಗೆ ಸಹಜವಾಗಿಯೇ ಕುತೂಹಲ ಹುಟ್ಟಿತು.

2015ರ ಮಾರ್ಚ್ 27ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಅಂತರ್ಜಾಲದ ಎಲ್ಲ ತಾಣಗಳನ್ನೂ ಸಮಾನವಾಗಿ ಕಾಣಬೇಕೆಂಬ 'ನೆಟ್ ನ್ಯೂಟ್ರಾಲಿಟಿ'ಯ ವಿಷಯವೂ ಸೇರಿದ್ದ 118 ಪುಟಗಳ ಸಮಾಲೋಚನಾ ಪತ್ರವೊಂದನ್ನು ಹೊರಡಿಸಿ 20 ಪ್ರಶ್ನೆಗಳನ್ನು ಕೇಳಿತು. ಉತ್ತರಿಸಲು ಏಪ್ರಿಲ್ 24ರವರೆಗೆ, ಅಂದರೆ ಪೂರಾ ಒಂದು ತಿಂಗಳೂ ಇಲ್ಲದಷ್ಟು, ಅವಕಾಶವಿತ್ತು. ಇಷ್ಟನ್ನೆಲ್ಲ ಓದುವ ಕಷ್ಟ ನಮಗೇಕೆಂದು ಕರುಣೆ ತಳೆದ ಉತ್ಸಾಹಿ ತರುಣರು ಇಪ್ಪತ್ತಕ್ಕೂ ಉತ್ತರ ಬರೆದಿಟ್ಟರು. ಗುಂಡಿ ಒತ್ತುವುದಷ್ಟೇ ಪ್ರಜೆಗಳ ಪಾಲಿಗೆ ಉಳಿಯಿತು. ಬದಿಯಡ್ಕ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ, ಹದಿನೆಂಟನೆಯ ಪ್ರಶ್ನೆ ಏನೆಂದು ತಿಳಿಯದೆಯೇ ಅದಕ್ಕೆ ಇಂಗ್ಲಿಷಿನಲ್ಲಿ ಸವಿಸ್ತಾರವಾಗಿ ಉತ್ತರಿಸಿದ ಹತ್ತು ಲಕ್ಷಕ್ಕೂ ಹೆಚ್ಚು ಜಾಗೃತ ನಾಗರಿಕರಲ್ಲಿ ನಾನೂ ಒಬ್ಬ. ಟ್ರಾಯ್ ಕೂಡ ಉಪಕಾರ ಮರೆಯಲಿಲ್ಲ. ಬಂದ ಪತ್ರಗಳನ್ನು, ಬರೆದವರ ಮಿಂಚಂಚೆ ವಿಳಾಸಗಳ ಸಮೇತ, ತನ್ನ ಜಾಲತಾಣದಲ್ಲಿ ಲೋಕಕ್ಕೆಲ್ಲ ಕಾಣುವಂತೆ ಹಾಕಿತು. ಮುಕ್ತ ಅಂತರ್ಜಾಲ ಬೇಕೆಂದು ಕೇಳಿದವರು ನಾವೇ ತಾನೆ?

ನಮ್ಮೂರಿನ ಅಡಿಕೆ ವ್ಯಾಪಾರಿ ಇಷ್ಟು ಉದಾರಿಯಲ್ಲ. ಎದುರಿಗೆ ಗೋಣಿ ಇಳಿಸಿದರೆ ಆತ ಮೊದಲು ತೂಕ ನೋಡುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಮುಷ್ಟಿ ತೆಗೆಯುತ್ತಾನೆ, ಕತ್ತರಿಯಲ್ಲಿ ನಾಲ್ಕನ್ನು ಒಡೆದು ಬೆಳಕಿಗೆ ಹಿಡಿಯುತ್ತಾನೆ, ಪಟೋರ ಎಷ್ಟು, ಉಳ್ಳಿಗಡ್ಡೆ ಎಷ್ಟು, ಕರಿಗೋಟು ಎಷ್ಟು ಎಂದು ಬೇರೆ ಬೇರೆ ಗುಡ್ಡೆ ಮಾಡಿದ ಮೇಲೆಯೇ ದರದ ಮಾತೆತ್ತುತ್ತಾನೆ. "ಮಾಷ್ಟ್ರೇ, ಗೋಣಿಯ ಬಾಯಲ್ಲಿ ಎಲ್ಲರ ಅಡಿಕೆಯೂ ಚಂದವೇ" ಎನ್ನುವುದು ಅವನ ವಾಡಿಕೆ. ಅಂತರ್ಜಾಲ ನೀತಿಯ ಅಂಗಡಿಯಲ್ಲಾದರೋ ಗೋಣಿಗಳನ್ನು ಎಣಿಸಿದರೆ ಕೆಲಸ ಮುಗಿಯಿತು. ಬಿಚ್ಚಿ ನೋಡುವುದು ಪ್ರಜಾಪ್ರಭುತ್ವಕ್ಕೆ ಮಾಡುವ ಅವಮಾನವೆಂದು ಅಲ್ಲಿ ತಿಳಿಯುತ್ತಾರೆ.

ಟ್ರಾಯ್ ಒಮ್ಮೆ ಮಾತ್ರ ಗೋಣಿಯೊಳಗೆ ಕೈ ಹಾಕಿತು. 2015ರ ಡಿಸೆಂಬರಿನಲ್ಲಿ, ಬೇರೆ ಬೇರೆ ತಾಣಗಳ ದತ್ತಾಂಶಕ್ಕೆ ಬೇರೆ ಬೇರೆ ದರ ವಿಧಿಸಬಹುದೇ ಎಂದು ಅದು ಕೇಳಿದಾಗ, ಫೇಸ್‌ಬುಕ್ ತನ್ನ ಬಳಕೆದಾರರ ಮುಂದೆ ಸಿದ್ಧ ಒಕ್ಕಣೆಯೊಂದನ್ನು ಇಟ್ಟು ಆಯ್ದ ಕೆಲವು ತಾಣಗಳನ್ನಷ್ಟೇ ಪುಕ್ಕಟೆಯಾಗಿ ತೋರಿಸುವ ತನ್ನ 'ಫ್ರೀ ಬೇಸಿಕ್ಸ್' ಯೋಜನೆಯನ್ನು ಉಳಿಸಿರೆಂದು ಕೋರಿತು. ಲಕ್ಷಗಟ್ಟಲೆ ಪತ್ರ ಬಂದವು. ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಅವುಗಳಲ್ಲಿ ಇರಲಿಲ್ಲ. ಟ್ರಾಯ್ ಅದನ್ನು ಬಾಯಿಬಿಟ್ಟು ಹೇಳಿ, 2016ರ ಫೆಬ್ರವರಿ 8ರಂದು ತಾರತಮ್ಯದ ದರವನ್ನೇ ನಿಷೇಧಿಸಿ, ತಪ್ಪಿದವರಿಗೆ ದಿನಕ್ಕೆ 50,000 ರೂಪಾಯಿ ದಂಡವೆಂದು ಸಾರಿತು. ನಾವು ಗೆದ್ದೆವೆಂದು ಕುಣಿದೆವು. ನಾವು ಗುಂಡಿ ಒತ್ತಿದರೆ ಅದು ಜನಶಕ್ತಿ, ಅವರು ಒತ್ತಿಸಿದರೆ ಅದು ಪಿತೂರಿ ಎಂಬ ಈ ಸೂಕ್ಷ್ಮ ಧರ್ಮವನ್ನು ಯಾವ ಸ್ಮೃತಿಯಲ್ಲಿ ಹೇಳಿದೆಯೋ ಗೊತ್ತಿಲ್ಲ. ಆದರೆ ತೀರ್ಪು ನನ್ನ ಕಡೆಗಿದ್ದುದರಿಂದ ನಾನು ಹುಡುಕಲು ಹೋಗಲಿಲ್ಲ.

ಅಮೆರಿಕದವರು ಇದರಲ್ಲಿಯೂ ನಮಗಿಂತ ಮುಂದೆ. 2017ರಲ್ಲಿ ನೆಟ್ ನ್ಯೂಟ್ರಾಲಿಟಿಯ ನಿಯಮವನ್ನು ತೆಗೆದುಹಾಕುವ ಬಗ್ಗೆ ಅಲ್ಲಿನ ಸಂವಹನ ಆಯೋಗಕ್ಕೆ 2.2 ಕೋಟಿ ಅಭಿಪ್ರಾಯಗಳು ಬಂದವು. ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿಯೆಂದು ನ್ಯೂಯಾರ್ಕಿನ ಅಟಾರ್ನಿ ಜನರಲ್ 2021ರಲ್ಲಿ ಹೇಳಿದರು. ನಿಯಮ ಹೋಗಲೆಂದು ಬ್ರಾಡ್‌ಬ್ಯಾಂಡ್ ಕಂಪನಿಗಳ ಹಣದಿಂದ ಬಂದವು 85 ಲಕ್ಷ. ನಿಯಮ ಉಳಿಯಲೆಂದು ಕ್ಯಾಲಿಫೋರ್ನಿಯಾದ 19 ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬನೇ ಕಳಿಸಿದವು 77 ಲಕ್ಷ. ಕಳ್ಳವೋಟು ನಮ್ಮ ಕಡೆಗೆ ಹೊಸ ಮಾತೇನಲ್ಲ. ಅದೇ ಕಾರಣಕ್ಕೆ 2019ರಲ್ಲಿ ಕಾಸರಗೋಡು ಲೋಕಸಭಾ ಕ್ಷೇತ್ರದ ಕೆಲವು ಮತಗಟ್ಟೆಗಳಲ್ಲಿ ಮರುಮತದಾನವೂ ನಡೆಯಿತು. ಆದರೆ ಇಲ್ಲಿ ಕಳ್ಳವೋಟು ಹಾಕುವವನು ಕನಿಷ್ಠ ಬಿಸಿಲಿನಲ್ಲಿ ಸಾಲಾದರೂ ನಿಲ್ಲಬೇಕು, ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳಬೇಕು, ಬೂತಿನ ಏಜೆಂಟನ ಕಣ್ಣು ತಪ್ಪಿಸಬೇಕು. 77 ಲಕ್ಷ ವೋಟನ್ನು ಕುಳಿತಲ್ಲಿಂದ ಹಾಕಿದ ಹುಡುಗನೆದುರು ನಮ್ಮ ಕಾರ್ಯಕರ್ತರು ತಲೆ ತಗ್ಗಿಸಲೇಬೇಕು.

ಗದ್ದಲದಿಂದ ಏನೂ ಆಗುವುದಿಲ್ಲವೆಂದು ಇದರಿಂದ ತಿಳಿಯಬಾರದು. 2020ರ ನವೆಂಬರಿನಲ್ಲಿ ನಮ್ಮ ಕೇರಳ ಸರಕಾರ ಪೊಲೀಸ್ ಕಾಯ್ದೆಗೆ 118ಎ ಎಂಬ ಕಲಮನ್ನು ಸುಗ್ರೀವಾಜ್ಞೆಯ ಮೂಲಕ ತಂದು, ಮಾನಹಾನಿಕರವಾದದ್ದನ್ನು ಹರಡಿದವರಿಗೆ ಮೂರು ವರ್ಷದವರೆಗೆ ಸೆರೆ, ಹತ್ತು ಸಾವಿರದವರೆಗೆ ದಂಡ ಎಂದಿತು. ಎಲ್ಲ ದಿಕ್ಕಿನಿಂದಲೂ ಬೊಬ್ಬೆ ಎದ್ದಿತು. ವಾರ ತುಂಬುವುದರೊಳಗೆ ಕಲಮು ಮಾಯವಾಯಿತು. ಮಹಾಜನ ವರದಿಗಾಗಿ ತಾಲೂಕು ಕಚೇರಿಯ ಮೆಟ್ಟಿಲು ಸವೆಸಿದ ನಮ್ಮ ಹಿರಿಯರಿಗೆ ಟ್ವಿಟರ್ ಎಂಬುದೊಂದು ಆಗ ಸಿಕ್ಕಿದ್ದರೆ ಎಂದು ಹೊಟ್ಟೆ ಚುರ್ರೆಂದಿತು.

ಈಗ ವ್ಯವಸ್ಥೆ ಇನ್ನಷ್ಟು ಪಕ್ವವಾಗಿದೆ. 2025ರ ಜನವರಿ 3ರಂದು ಕೇಂದ್ರ ಸರಕಾರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕರಡು ನಿಯಮಗಳಿಗೆ ಅಭಿಪ್ರಾಯ ಕೇಳಿ, ಬಂದದ್ದನ್ನು ಯಾರಿಗೂ, ಯಾವ ಹಂತದಲ್ಲಿಯೂ ತೋರಿಸುವುದಿಲ್ಲವೆಂದು ಮಾತು ಕೊಟ್ಟಿತು. ಹತ್ತು ವರ್ಷದ ಹಿಂದೆ ವಿಳಾಸ ಸಮೇತ ಅಂಗಳದಲ್ಲಿ ಒಣಹಾಕಿದ್ದನ್ನು ಈಗ ಅಟ್ಟಕ್ಕೆ ಏರಿಸಿ ಏಣಿಯನ್ನೂ ತೆಗೆದಿದ್ದಾರೆ. ನಮ್ಮ ದತ್ತಾಂಶ ಬಳಸಲು ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವ ಭಾಷೆಯಲ್ಲಿ ಬೇಕಾದರೂ ಓದುವ ಅವಕಾಶ ನಮಗಿರಬೇಕೆಂದು ಮೂಲ ಕಾಯ್ದೆಯೇ ಹೇಳುತ್ತದೆ. ಅದರ ಕರಡು ನಿಯಮಗಳು ಗೆಜೆಟ್ಟಿನಲ್ಲಿ ಬಂದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ.

ಹಾಗೆಂದು ನಾನು ಕೈಕಟ್ಟಿ ಕೂರುವವನಲ್ಲ. ಕಳೆದ ಸಲ ಇನ್ನೊಂದು ಕಚೇರಿ ಅಭಿಪ್ರಾಯ ಕೇಳಿದಾಗ, ಯಾರ ಒಕ್ಕಣೆಯನ್ನೂ ಎರವಲು ಪಡೆಯದೆ, ರಾತ್ರಿ ಹನ್ನೊಂದರವರೆಗೆ ಕುಳಿತು, ಕನ್ನಡದಲ್ಲಿಯೇ ಒಂದೂವರೆ ಪುಟ ಬರೆದು ಕಳಿಸಿದೆ. ಕೂಡಲೇ ನನ್ನ ಅಮೂಲ್ಯ ಸಲಹೆ ತಲುಪಿತೆಂದು ಇಂಗ್ಲಿಷಿನಲ್ಲಿ ಸ್ವೀಕೃತಿ ಬಂತು. ಕೆಳಗೆ ನನ್ನ ಸಲಹೆಯ ಪ್ರತಿಯೂ ಇತ್ತು. ಅವರ ಯಂತ್ರಕ್ಕೆ ಕನ್ನಡದ ಅಕ್ಷರ ಗೊತ್ತಿಲ್ಲದ ಕಾರಣ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು.