ಮನೆ ಎಷ್ಟು ಪರ್ಸೆಂಟ್ ಬಿದ್ದಿದೆ?

2025ರ ಸೆಪ್ಟೆಂಬರ್ ಕೊನೆಗೆ ಭೀಮಾ ಉಕ್ಕಿ ಕಲಬುರಗಿ, ಯಾದಗಿರಿ ಕಡೆ ಹೊಲಗಳೆಲ್ಲ ಕೆರೆಯಾದಾಗ ಮತ್ತೆ ಹೆಲಿಕಾಪ್ಟರ್ ಹಾರಿತು. ನೆರೆ ನೆಲದ ಮೇಲೆ, ಸಮೀಕ್ಷೆ ಆಕಾಶದಲ್ಲಿ. ಯಾವ ಪಕ್ಷದ ಸರ್ಕಾರ ಬಂದರೂ ಈ ಪದ್ಧತಿ ಮಾತ್ರ ತಪ್ಪಿಲ್ಲ. ಮೇಲಿಂದ ನೋಡಿದರೆ ಕೆಸರು ನಾರುವುದಿಲ್ಲ, ಅದೊಂದು ಅನುಕೂಲ.

ಆದರೂ ಹೊಗಳೋಣ. ಹಾಳಾದ ಮಳೆಯಾಶ್ರಿತ ಬೆಳೆಗೆ ಕೇಂದ್ರದ ನಿಯಮದಂತೆ ಹೆಕ್ಟೇರಿಗೆ 8,500 ರೂಪಾಯಿ ಪರಿಹಾರ. ರಾಜ್ಯ ತನ್ನ ಕೈಯಿಂದ ಇನ್ನೊಂದು 8,500 ಸೇರಿಸಿತು. ಹೆಕ್ಟೇರ್ ಅಂದರೆ ನನಗೆ ಅಂದಾಜು ಸಿಗಲ್ಲ, ಗುಂಟೆಗೆ ಲೆಕ್ಕ ಹಾಕಿದೆ. ಸುಮಾರು 172 ರೂಪಾಯಿ ಬಂತು. ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಬೆಳೆ 33 ಪರ್ಸೆಂಟಾದರೂ ಹಾಳಾಗಿರಬೇಕು. 32 ಹಾಳಾಗಿದ್ದರೆ ಅದು ನಷ್ಟ ಅಲ್ಲ, ಸುಮ್ನೆ ಬೇಜಾರು.

ಮನೆಗೂ ಪರ್ಸೆಂಟ್ ಇದೆ. 75ಕ್ಕಿಂತ ಜಾಸ್ತಿ ಬಿದ್ದಿದ್ದರೆ 'ಎ'. 25ರಿಂದ 75 ಬಿದ್ದಿದ್ದರೆ 'ಬಿ'. 15ರಿಂದ 25 ಆದರೆ 'ಸಿ'. 2019ರ ನೆರೆಯಲ್ಲಿ ಬಾಗಲಕೋಟೆ ಜಿಲ್ಲೆಯ ನಮ್ಮ ಸೋದರಮಾವ 'ಸಿ' ಗ್ರೇಡಿನಲ್ಲಿ ಪಾಸಾದರು. ಮಲಪ್ರಭೆ ಎದೆಮಟ್ಟ ನುಗ್ಗಿದ್ದಳು. ಆದರೆ ಸರ್ವೆಯವರು ಬಂದ ದಿನ ಗೋಡೆಗಳು ನಿಂತಿದ್ದವು, ಒಂದು ಮೂಲೆ ಮಾತ್ರ ಕುಸಿದಿತ್ತು. ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಗೊತ್ತು. ಅದು ನೀರಿದ್ದಾಗಲೇ ಬೀಳಬೇಕೆಂದಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ಗೋಡೆ ಒಣಗಿ ಬಿರುಕು ಬಿಟ್ಟ ಮೇಲೆ ನಿಧಾನವಾಗಿ ಕೂತುಬಿಡುವುದೂ ಉಂಟು. ಮಾವನ ಮನೆ ಇಪ್ಪತ್ತು ದಿನ ಆದ ಮೇಲೆ ಕೂತಿತು. ಅಷ್ಟರಲ್ಲಿ ಪಟ್ಟಿ ಮೇಲಕ್ಕೆ ಹೋಗಿತ್ತು.

"ಬೀಳೋದಿದ್ರ ಟೈಮಿಗೆ ಬೀಳಬೇಕಾಗಿತ್ತು" ಅಂದರಂತೆ ಅಲ್ಲೊಬ್ಬರು. ತಮಾಷೆಗಲ್ಲ.

2019ರಲ್ಲಿ ರಾಜ್ಯ ಕೊಟ್ಟ ಪರಿಹಾರ 'ಎ'ಗೆ 5 ಲಕ್ಷ, 'ಸಿ'ಗೆ 50 ಸಾವಿರ. ಆಗ ಪೂರ್ತಿ ಬಿದ್ದ ಮನೆಗೆ ಕೇಂದ್ರದ ದರ 95,100 ಇತ್ತು, ಅದಕ್ಕೆ ಹೋಲಿಸಿದರೆ 5 ಲಕ್ಷ ನಿಜಕ್ಕೂ ಒಳ್ಳೆಯ ಮೊತ್ತ, ಅದರಲ್ಲಿ ವ್ಯಂಗ್ಯ ಇಲ್ಲ. ನನ್ನ ತಲೆ ತಿಂದದ್ದು ಆ 95,100ರ ಕೊನೆಯ ನೂರು ರೂಪಾಯಿ. ಯಾವ ಪುಣ್ಯಾತ್ಮ ಕೂತು ಅದನ್ನು ಸೇರಿಸಿದ? ಬೀಗಕ್ಕಾ? ಹೊಸ್ತಿಲ ಪೂಜೆಗಾ?

ದರಪಟ್ಟಿ ಓದುತ್ತಾ ಹೋದರೆ ಒಳ್ಳೆ ಮಜಾ ಇದೆ. ಕೋಳಿಗೆ ಮೊದಲು 50 ರೂಪಾಯಿ ಇತ್ತು, ಈಗ 100. ಒಂದು ಮನೆಗೆ 10,000 ದಾಟುವಂತಿಲ್ಲ. ಅಂದರೆ ನೂರನೇ ಕೋಳಿಯವರೆಗೆ ಸತ್ತರೆ ವಿಕೋಪ. ನೂರಾ ಒಂದನೆಯದು ತನ್ನ ಪಾಡಿಗೆ ತಾನು ಸತ್ತಿದೆ. ಹಾಲು ಕೊಡುವ ಎಮ್ಮೆ ಮೂರರವರೆಗೆ. ನಾಲ್ಕನೆಯದಕ್ಕೆ ಈಜು ಕಲಿಸಿಡುವುದು ಕ್ಷೇಮ.

ಹೆಸರು ಬದಲಿಸುವುದರಲ್ಲಂತೂ ನಮ್ಮವರ ವೇಗಕ್ಕೆ ಯಾವ ಪ್ರವಾಹವೂ ಸಮ ಇಲ್ಲ. ಗಂಜಿ ಕೇಂದ್ರ ಈಗ 'ಕಾಳಜಿ ಕೇಂದ್ರ'. ಗಂಜಿಯಾದರೆ ತಟ್ಟೆಯಲ್ಲಿ ಎಷ್ಟಿದೆ ಅಂತ ನೋಡಬಹುದಿತ್ತು, ಕಾಳಜಿಯನ್ನು ಯಾವ ಸೌಟಿನಲ್ಲಿ ಅಳೆಯುವುದು? 2018ರಲ್ಲಿ ಸಚಿವರೊಬ್ಬರು ಸಂತ್ರಸ್ತರತ್ತ ಬಿಸ್ಕತ್ ಪೊಟ್ಟಣ ಎಸೆದದ್ದು ಎಲ್ಲರೂ ನೋಡಿದ್ದೇವೆ. ಅದೂ ಕಾಳಜಿಯೇ, ಸ್ವಲ್ಪ ದೂರದಿಂದ.

ಇನ್ನು 'ಆಸರೆ'. 2009ರ ನೆರೆಯ ನಂತರ ಆ ಹೆಸರಲ್ಲಿ ಊರಿಗೆ ಊರೇ ಕಟ್ಟಿದರು. ದಾನಿಗಳು ಕೈಬಿಚ್ಚಿ ಕೊಟ್ಟರು. ಎಷ್ಟೋ ಕಡೆ ಜನ ಹೋಗಲೇ ಇಲ್ಲ, ಹೋದವರೂ ವಾಪಸ್ ಬಂದರು. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ, ಮೇವು ಒಟ್ಟಲು ಹಿತ್ತಿಲಿಲ್ಲ. ಮನೆಗಳ ಸುತ್ತ ಜಾಲಿ ಬೆಳೆಯಿತು. ಹತ್ತು ವರ್ಷ ಬಿಟ್ಟು 2019ರಲ್ಲಿ ಅದೇ ಹಳೇ ಊರುಗಳಿಗೆ ಅದೇ ಹೊಳೆ ನುಗ್ಗಿದಾಗ "ಆವಾಗ್ಲೇ ಜಾಗ ಕೊಟ್ಟಿದ್ವಲ್ಲ, ಯಾಕೆ ಹೋಗಲಿಲ್ಲ?" ಅಂತ ಅವರನ್ನೇ ಗದರಿಸಿದರು. ಒಬ್ಬ ರೈತನನ್ನು ಕೂರಿಸಿಕೊಂಡು, "ನಿನ್ನ ಎತ್ತು ಎಲ್ಲಿ ಕಟ್ತೀಯಪ್ಪಾ?" ಅಂತ ಕೇಳಲು ಎಷ್ಟು ಹೊತ್ತು ಬೇಕು? ಐದು ನಿಮಿಷ. ಆ ಐದು ನಿಮಿಷ ಯಾರ ಹತ್ತಿರವೂ ಇರಲಿಲ್ಲ. ಇದನ್ನು ಬರೆಯುತ್ತಾ ನಗು ಬರುತ್ತಿಲ್ಲ, ಮನ್ನಿಸಿ.

ಮಾವ ಆ 50 ಸಾವಿರಕ್ಕೆ ಮಗನ ಸಾಲವನ್ನೂ ಸೇರಿಸಿ ತಗಡಿನ ಮನೆ ಹಾಕಿಕೊಂಡಿದ್ದಾರೆ. ಮೊನ್ನೆ ಫೋನ್ ಮಾಡಿದ್ದರು. ಮಲಪ್ರಭೆಯ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಡ್ತಾರಂತೆ, ಊರಲ್ಲಿ ಡಂಗುರ ಹೊಡೆಸಿದ್ದಾರಂತೆ. ಸಾಮಾನೆಲ್ಲ ಮೇಲಿಟ್ರಾ ಅಂತ ಕೇಳಿದೆ.

"ಅದಿರ್ಲಿ ತಮ್ಮಾ, ತಾರೀಖು, ಜಾಗಾ ಎಲ್ಲಾ ಬೀಳೋ ಫೋಟೋ ತಗೀತಾರಲ್ಲ, ಅದು ನನ್ನ ಮೊಬೈಲಾಗ ಹೆಂಗ ಮಾಡೋದು? ಮನಿ ಇನ್ನೂ ನಿಂತೈತಿ, ಈಗ್ಲೇ ಒಂದು ತಗದಿಡ್ತೀನಿ."