ಸದ್ಗುಣಕ್ಕೂ ಎಲ್ಲೆ ಬೇಕು ಎಂದವರ ಸಂವಿಧಾನ

ನಿನ್ನೆ ಸಂಜೆ ನಮ್ಮೂರಿನ ವಿಚಾರಗೋಷ್ಠಿಯೊಂದರಲ್ಲಿ ಕೇಳಿದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಯುರೋಪಿನ ಜ್ಞಾನೋದಯ ಯುಗವು ಮನುಷ್ಯನ ವಿವೇಕದ ಮೇಲೆ ಅಪಾರ ನಂಬಿಕೆ ಇಟ್ಟಿತ್ತು, ಆ ನಂಬಿಕೆಯೇ 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನವಾಗಿ ರೂಪ ತಾಳಿತು, ಆದ್ದರಿಂದ ವಿವೇಕಿಗಳ ಕೈಗೆ ಅಡೆತಡೆಯಿಲ್ಲದ ಅಧಿಕಾರ ಕೊಡುವುದೇ ಆ ಪರಂಪರೆಗೆ ತೋರುವ ನಿಷ್ಠೆ ಎಂದು ಭಾಷಣಕಾರರು ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ವರ್ಷಗಟ್ಟಲೆ ಇದೇ ವಿಷಯವನ್ನು ತರಗತಿಯಲ್ಲಿ ಪಾಠ ಮಾಡಿದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವರು ಹೇಳಿದ ಹೆಸರುಗಳು ಸರಿಯಿದ್ದವು, ಇಸವಿಗಳೂ ಸರಿಯಿದ್ದವು. ತೀರ್ಮಾನ ಮಾತ್ರ ಪೂರ್ತಿ ತಲೆಕೆಳಗಾಗಿತ್ತು.

ಅವರೇ ಹೆಸರಿಸಿದ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂನನ್ನು ನೋಡೋಣ. ಬೋರ್ಡೋ ನಗರದ ಉಚ್ಚ ನ್ಯಾಯಪೀಠದಲ್ಲಿ ಕೂತು ಕೆಲಸ ಮಾಡಿದ, ಅಧಿಕಾರ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹತ್ತಿರದಿಂದ ಕಂಡ ಮನುಷ್ಯ ಅವನು. 1748ರಲ್ಲಿ ಜಿನೀವಾದಲ್ಲಿ ಅಚ್ಚಾದ ತನ್ನ ಮಹಾಗ್ರಂಥದಲ್ಲಿ ಅವನು ಹೇಳಿದ್ದೇನು? ಅಧಿಕಾರ ಸಿಕ್ಕ ಪ್ರತಿಯೊಬ್ಬನೂ ಅದನ್ನು ದುರುಪಯೋಗ ಮಾಡುವ ಕಡೆಗೇ ವಾಲುತ್ತಾನೆ, ಯಾರಾದರೂ ತಡೆಯುವವರೆಗೆ ಮುಂದುವರಿಯುತ್ತಲೇ ಇರುತ್ತಾನೆ, ಸದ್ಗುಣಕ್ಕೂ ಎಲ್ಲೆ ಬೇಕಾಗುತ್ತದೆ, ಆದ್ದರಿಂದ ಅಧಿಕಾರವನ್ನು ಅಧಿಕಾರವೇ ತಡೆಯುವಂಥ ವ್ಯವಸ್ಥೆ ಇರಬೇಕು ಎಂದು. ಕೆಟ್ಟವರಿಗೆ ಎಲ್ಲೆ ಬೇಕೆಂದು ಯಾರು ಬೇಕಾದರೂ ಹೇಳುತ್ತಾರೆ. ಒಳ್ಳೆಯವರಿಗೂ, ವಿವೇಕಿಗಳಿಗೂ ಬೇಕು ಎಂದದ್ದು ಅವನ ದೊಡ್ಡಸ್ತಿಕೆ. ವಿವೇಕಿಗಳಿಗೆ ಪೂರ್ಣಾಧಿಕಾರ ಕೊಡಿ ಎನ್ನುವವರು ಇದೇ ಮಾಂಟೆಸ್ಕ್ಯೂನ ಹೆಸರನ್ನು ಯಾವ ಧೈರ್ಯದಿಂದ ಎತ್ತುತ್ತಾರೆ?

ಇನ್ನು ಫಿಲಡೆಲ್ಫಿಯಾ. ರೋಡ್ ಐಲೆಂಡ್ ಒಂದನ್ನು ಬಿಟ್ಟು ಹನ್ನೆರಡು ರಾಜ್ಯಗಳಿಂದ ಬಂದ 55 ಪ್ರತಿನಿಧಿಗಳು ಆ ಬೇಸಿಗೆಯನ್ನೆಲ್ಲ ಮುಚ್ಚಿದ ಬಾಗಿಲುಗಳ ಹಿಂದೆ ವಾದಿಸಿದರು. ಆಗಸ್ಟ್ 13ರಂದು ಜಾನ್ ಡಿಕಿನ್ಸನ್ ಎದ್ದು, ನಮಗೆ ಅನುಭವವೊಂದೇ ದಾರಿ ತೋರಿಸಬೇಕು, ವಿವೇಕ ನಮ್ಮ ದಾರಿ ತಪ್ಪಿಸಬಹುದು ಎಂದ. ಸೆಪ್ಟೆಂಬರ್ 17ರಂದು, ಸಹಿ ಹಾಕುವ ದಿನ, 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್ ಬರೆದು ತಂದ ಭಾಷಣವನ್ನು ಜೇಮ್ಸ್ ವಿಲ್ಸನ್ ಓದಿದ. ಈ ಸಂವಿಧಾನದ ಹಲವು ಭಾಗಗಳು ನನಗೆ ಒಪ್ಪಿಗೆಯಿಲ್ಲ, ಆದರೆ ಎಂದೂ ಒಪ್ಪುವುದಿಲ್ಲವೆಂಬ ಖಾತರಿಯೂ ಇಲ್ಲ ಎಂದಿದ್ದ ಫ್ರಾಂಕ್ಲಿನ್. ಇನ್ನೂ ಆಕ್ಷೇಪವಿರುವವರು ನನ್ನಂತೆಯೇ ತಾವೆಂದೂ ತಪ್ಪುವುದಿಲ್ಲವೆಂಬ ಭಾವನೆಯನ್ನು ತುಸು ಶಂಕಿಸಲಿ ಎಂಬುದು ಅದರ ಸಾರ. ಸಿಡಿಲು ವಿದ್ಯುತ್ತೇ ಎಂದು ತೋರಿಸಿಕೊಟ್ಟ ವಿಜ್ಞಾನಿ, ಇಡೀ ಯುರೋಪು ಜ್ಞಾನೋದಯದ ಮೂರ್ತಿಯೆಂದು ಗೌರವಿಸಿದ ವ್ಯಕ್ತಿ, ತನ್ನ ವಿವೇಕವನ್ನೇ ಸಂಶಯಿಸಿ ಸಹಿ ಹಾಕಿದ. ನಾನು ವಿದ್ಯಾರ್ಥಿಗಳಿಗೆ ಈ ಭಾಗವನ್ನು ಓದಿಸುವಾಗಲೆಲ್ಲ ಗಂಟಲು ಕಟ್ಟುತ್ತಿತ್ತು.

ಆ ಸಂವಿಧಾನದ ಮುಖ್ಯ ಶಿಲ್ಪಿ ಜೇಮ್ಸ್ ಮ್ಯಾಡಿಸನ್ ಇನ್ನೂ ಖಡಾಖಂಡಿತ. ಶಾಸನ ಮಾಡುವ, ಜಾರಿಗೊಳಿಸುವ, ತೀರ್ಪು ಕೊಡುವ ಅಧಿಕಾರಗಳೆಲ್ಲ ಒಂದೇ ಕೈಯಲ್ಲಿ ಸೇರಿದರೆ, ಆ ಕೈ ಒಬ್ಬನದಾಗಲಿ ಹಲವರದಾಗಲಿ, ವಂಶದಿಂದ ಬಂದದ್ದಾಗಲಿ ಚುನಾವಣೆಯಿಂದ ಬಂದದ್ದಾಗಲಿ, ಅದೇ ದಬ್ಬಾಳಿಕೆಯ ವ್ಯಾಖ್ಯೆ ಎಂದು, ಸಂವಿಧಾನವನ್ನು ಸಮರ್ಥಿಸಿ ಬರೆದ ಫೆಡರಲಿಸ್ಟ್ ಲೇಖನಮಾಲೆಯ 47ನೆಯ ಲೇಖನದಲ್ಲಿ ಬರೆದ. ಚುನಾವಣೆಯಿಂದ ಬಂದದ್ದಾದರೂ ಸರಿ ಎಂಬುದನ್ನು ದಯವಿಟ್ಟು ಗಮನಿಸಿ. ಮನುಷ್ಯರು ದೇವತೆಗಳಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲ ಎಂಬ ಅವನ ಮಾತು 51ನೆಯ ಲೇಖನದ್ದು. ಪಠ್ಯಪುಸ್ತಕಗಳು ಹೇಳುವಂತೆ ಮೂರು ಅಂಗಗಳನ್ನು ಮೂರು ಕೋಣೆಗಳಲ್ಲಿಟ್ಟು ಬೀಗ ಹಾಕಿದ್ದಲ್ಲ ಆ ಸಂವಿಧಾನ. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ಒಪ್ಪಿದ ಮಸೂದೆಯನ್ನು ಅಧ್ಯಕ್ಷ ವೀಟೊದಿಂದ ತಡೆಯಬಹುದು, ಆ ವೀಟೊವನ್ನು ಎರಡೂ ಸದನಗಳು ಮೂರನೆಯ ಎರಡರಷ್ಟು ಬಹುಮತದಿಂದ ಮೀರಬಹುದು, ಅಧ್ಯಕ್ಷ ಹೆಸರಿಸಿದ ನ್ಯಾಯಾಧೀಶನನ್ನು ಮೇಲ್ಮನೆಯಾದ ಸೆನೆಟ್ ಒಪ್ಪಬೇಕು, ಒಮ್ಮೆ ನೇಮಕವಾದ ನ್ಯಾಯಾಧೀಶ ಹುದ್ದೆಯಲ್ಲಿರುವಷ್ಟು ದಿನ ಅವನ ಸಂಬಳವನ್ನು ಯಾರೂ ಇಳಿಸುವಂತಿಲ್ಲ. ಒಬ್ಬರ ಅಧಿಕಾರದೊಳಗೆ ಇನ್ನೊಬ್ಬರ ಕೈಯನ್ನು ಬೇಕೆಂದೇ ಇರಿಸಿದ್ದಾರೆ. ಇದು ನಂಬಿಕೆಯ ಮೇಲೆ ಕಟ್ಟಿದ ಮನೆಯೇ?

ನಿನ್ನೆಯ ಭಾಷಣಕಾರರು ಬಣ್ಣಿಸಿದ ಜ್ಞಾನೋದಯವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ಇದ್ದದ್ದು ಪ್ರಶ್ಯದಲ್ಲಿ, ರಷ್ಯದಲ್ಲಿ. ಎರಡನೆಯ ಫ್ರೆಡರಿಕ್ ತತ್ತ್ವಜ್ಞಾನಿ ದೊರೆಯೆಂದು ಹೆಸರಾಗಿದ್ದ, ಫ್ರೆಂಚ್ ಲೇಖಕ ವೋಲ್ತೇರನನ್ನು ಕರೆಸಿ ಅರಮನೆಯಲ್ಲಿಟ್ಟುಕೊಂಡಿದ್ದ; ಇಬ್ಬರಿಗೂ ಮನಸ್ತಾಪವಾದಾಗ, 1753ರಲ್ಲಿ, ಊರಿಗೆ ಮರಳುತ್ತಿದ್ದ ಅದೇ ವೋಲ್ತೇರನನ್ನು ದೊರೆಯ ಪ್ರತಿನಿಧಿ ಫ್ರಾಂಕ್‌ಫರ್ಟಿನಲ್ಲಿ ಹಿಡಿದು ಕೂರಿಸಿದ. ರಷ್ಯದ ಮಹಾರಾಣಿ ಕ್ಯಾಥರೀನ್ 1767ರಲ್ಲಿ ಹೊರಡಿಸಿದ ಕಾನೂನು ಸುಧಾರಣೆಯ ನಿರೂಪದಲ್ಲಿ ಮಾಂಟೆಸ್ಕ್ಯೂನಿಂದ ಎತ್ತಿಕೊಂಡ ಭಾಗಗಳು ಧಾರಾಳವಾಗಿವೆ. ಅದರ ಜೊತೆಗೇ ಅವಳ ನಿರಂಕುಶ ಪ್ರಭುತ್ವವೂ ಉಳಿಯಿತು, ಜೀತದ ರೈತರೂ ಜೀತದಲ್ಲೇ ಉಳಿದರು. ಮ್ಯಾಡಿಸನ್ ಓದಿದ್ದೂ ಅದೇ ಮಾಂಟೆಸ್ಕ್ಯೂನನ್ನು. ಒಬ್ಬಳು ಅದರಿಂದ ಮಾತುಗಳನ್ನು ಎತ್ತಿಕೊಂಡಳು, ಇನ್ನೊಬ್ಬ ಕಡಿವಾಣವನ್ನು ಎತ್ತಿಕೊಂಡ. ಈ ಎರಡನ್ನೂ ಒಂದೇ ಪರಂಪರೆಯೆಂದು ಮಾರುವುದು ಓದುಗರಿಗೆ ಮಾಡುವ ಅನ್ಯಾಯ.

ಇಷ್ಟು ತಡೆಗಳಿದ್ದರೆ ಕೆಲಸ ಹೇಗೆ ಸಾಗುತ್ತದೆ ಎಂದು ಕೇಳುವವರಿದ್ದಾರೆ. ನಿಧಾನವಾಗಿ ಸಾಗುತ್ತದೆ, ಕೆಲವೊಮ್ಮೆ ಸಾಗುವುದೇ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬ್ರ್ಯಾಂಡೈಸ್ 1926ರ ತಮ್ಮ ಭಿನ್ನಮತದ ತೀರ್ಪಿನಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ: 1787ರಲ್ಲಿ ಅಧಿಕಾರಗಳನ್ನು ಬೇರ್ಪಡಿಸಿದ್ದು ದಕ್ಷತೆಗಾಗಿ ಅಲ್ಲ, ಮನಬಂದಂತೆ ಅಧಿಕಾರ ಚಲಾಯಿಸುವುದನ್ನು ತಡೆಯಲಿಕ್ಕಾಗಿ. ಇದನ್ನು ಬರೆಯುವಾಗ ನನಗೆ ಅಪ್ಪನ ನೆನಪಾಗುತ್ತಿದೆ. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ, ಕಚೇರಿಗಳಲ್ಲಿ ನೌಕರರು ಹೊತ್ತಿಗೆ ಸರಿಯಾಗಿ ಬರುತ್ತಿದ್ದಾರೆ, ಗಟ್ಟಿ ಕೈಯೊಂದು ಇದ್ದರೆ ಇಷ್ಟೆಲ್ಲ ಆಗುತ್ತದೆ ಎಂದು ಮನಃಪೂರ್ವಕ ಮೆಚ್ಚಿದವರು ಅವರು. ನಮ್ಮ ಬೀದಿಯ ಮೇಷ್ಟ್ರೊಬ್ಬರನ್ನು ರಾತ್ರಿ ಕರೆದೊಯ್ದು ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಇಟ್ಟುಕೊಂಡ ಮೇಲೆ ಆ ಮಾತನ್ನು ಅವರು ಮತ್ತೆ ಆಡಲಿಲ್ಲ. ನನ್ನ ಸಿಟ್ಟಿನ ಬೇರು ಪುಸ್ತಕಗಳಲ್ಲಷ್ಟೇ ಇಲ್ಲ.

ಗುಲಾಮಗಿರಿಯನ್ನು ಉಳಿಸಿಕೊಂಡವರ ಸಂವಿಧಾನವನ್ನು ಇಷ್ಟು ಹೊಗಳಬೇಕೇ ಎಂಬ ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಐದು ಗುಲಾಮರನ್ನು ಮೂವರೆಂದು ಎಣಿಸಿ ಪ್ರಾತಿನಿಧ್ಯ ಲೆಕ್ಕ ಹಾಕಿದರು, 1808ರವರೆಗೆ ಗುಲಾಮರ ಆಮದನ್ನು ಕಾಂಗ್ರೆಸ್ಸು ನಿಷೇಧಿಸಕೂಡದೆಂದು ಬರೆದರು, ತಪ್ಪಿಸಿಕೊಂಡವರನ್ನು ಒಡೆಯನಿಗೆ ಒಪ್ಪಿಸಬೇಕೆಂದೂ ಸೇರಿಸಿದರು. ಆದರೆ ಈ ಪಾಪ ಯಾವ ಬಗೆಯದು? ಒಡೆಯ ಮತ್ತು ಗುಲಾಮನ ಸಂಬಂಧವೆಂದರೆ ಎಡೆಬಿಡದ ನಿರಂಕುಶತೆ ಎಂದು, ನೂರಾರು ಜನರನ್ನು ಗುಲಾಮರಾಗಿಟ್ಟುಕೊಂಡಿದ್ದ ಜೆಫರ್ಸನ್ನನೇ ಬರೆದಿದ್ದಾನೆ. ಅಧ್ಯಕ್ಷನನ್ನೂ ಸೆನೆಟನ್ನೂ ನಂಬದೆ ಕಟ್ಟಿಹಾಕಿದ ಜನ ತೋಟದ ಒಡೆಯನನ್ನು ಪೂರ್ತಿ ನಂಬಿ ಬಿಟ್ಟರು. ಅವರ ಸಂಶಯ ಹೆಚ್ಚಾದದ್ದರಿಂದ ಅಲ್ಲ, ಎಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿತ್ತೋ ಅಲ್ಲಿ ಇಲ್ಲದೆ ಹೋದದ್ದರಿಂದ ಆ ಘೋರ ನಡೆಯಿತು. ಅದನ್ನು ಸರಿಪಡಿಸಲು ಅಂತರ್ಯುದ್ಧವೂ 1865ರ ಹದಿಮೂರನೆಯ ತಿದ್ದುಪಡಿಯೂ ಬೇಕಾದವು.

ಈ ಸಂಶಯ ನಮ್ಮ ಸಂವಿಧಾನ ಸಭೆಗೂ ದಾಟಿ ಬಂದಿತ್ತು. ಮಂಗಳೂರು ಸೀಮೆಯ ಬೆನೆಗಲ್ ನರಸಿಂಗ ರಾಯರು ಸಭೆಯ ಸಂವಿಧಾನ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ನ್ಯಾಯಯುತ ಪ್ರಕ್ರಿಯೆಯ (ಡ್ಯೂ ಪ್ರೊಸೆಸ್) ಹೆಸರಿನಲ್ಲಿ ಕಾನೂನುಗಳನ್ನು ರದ್ದುಪಡಿಸುವ ಅಧಿಕಾರ ನ್ಯಾಯಾಧೀಶರ ಕೈಗೆ ಹೋಗುವುದು ಪ್ರಜಾಸತ್ತೆಗೆ ಒಳ್ಳೆಯದಲ್ಲ ಎಂಬ ಸಲಹೆಯೊಂದಿಗೆ ಮರಳಿದರು. ನ್ಯಾಯಯುತ ಪ್ರಕ್ರಿಯೆ ಎಂಬ ಮಾತುಗಳು ನಮ್ಮ ಸಂವಿಧಾನದ ಕರಡಿನಿಂದ ಹೋದವು. 1948ರ ಡಿಸೆಂಬರ್ 13ರಂದು ಅಂಬೇಡ್ಕರ್ ಇಬ್ಬದಿಯ ಅಪಾಯವನ್ನೂ ಸಭೆಯ ಮುಂದಿಟ್ಟರು: ಪಕ್ಷದವರೇ ತುಂಬಿದ ಶಾಸಕಾಂಗ ಮೂಲಭೂತ ತತ್ತ್ವಗಳನ್ನು ಮುರಿಯುವ ಕಾನೂನು ಮಾಡಬಹುದು, ಹಾಗೆಂದು ಐದಾರು ನ್ಯಾಯಾಧೀಶರು ಯಾವ ಕಾನೂನು ಒಳ್ಳೆಯದೆಂದು ನಿರ್ಧರಿಸಲಿ ಎಂದು ಬಿಡುವುದೂ ಕಷ್ಟ. ಯಾರನ್ನೂ ಪೂರ್ತಿ ನಂಬದ ಆ ಮನಸ್ಸೇ ಮರುವರ್ಷ ಸೆಪ್ಟೆಂಬರಿನಲ್ಲಿ, ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ, ಈಗ 22ನೆಯದಾಗಿರುವ ವಿಧಿಯನ್ನು ತಂದಿತು. ಮುನ್ನೆಚ್ಚರಿಕೆಯ ಬಂಧನಕ್ಕೆ ಮಾತ್ರ ಅದೇ ವಿಧಿ ಈ ಕಟ್ಟಳೆಯಿಂದ ವಿನಾಯಿತಿ ಕೊಟ್ಟಿತು, ಮತ್ತು 1975ರಲ್ಲಿ ಆ ಮೇಷ್ಟ್ರನ್ನು ಒಯ್ದವರಿಗೆ ಆ ವಿನಾಯಿತಿಯೇ ಸಾಕಾಯಿತು.